ಪ್ರಿ-ಸೀಸನ್ ಕಪ್‌ಗೆ ಟಿಕೆಟ್ ತಗೊಳ್ಳಬೇಕಾ? ಸ್ಕೋರ್ ಬಿಡಿ, ನಿಮಿಷ ನೋಡಿ

ಪ್ರಶ್ನೆ: ಸರ್, ನಮ್ಮೂರು ಶಿವಮೊಗ್ಗ. ಆರು ವರ್ಷದಿಂದ ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇವೆ. ಮಗನಿಗೆ 12 ವರ್ಷ, ಲಂಡನ್ನಿನ ಫುಟ್‌ಬಾಲ್ ಕ್ಲಬ್ ಆರ್ಸೆನಲ್ ಅಂದರೆ ಹುಚ್ಚು. ಲೀಗ್ ಪಂದ್ಯಕ್ಕೆ ಟಿಕೆಟ್ ಸಿಗುವುದು ಕಷ್ಟ, ಸದಸ್ಯರಾದರೂ ಲಾಟರಿ. ಅದಕ್ಕೆ ಲೀಗ್ ಶುರುವಾಗುವ ಮೊದಲು ಅವರದೇ ಸ್ಟೇಡಿಯಂನಲ್ಲಿ ನಡೆಯುವ ಎಮಿರೇಟ್ಸ್ ಕಪ್‌ಗೆ ಕರೆದುಕೊಂಡು ಹೋಗೋಣ ಅಂದುಕೊಂಡೆ. ಆದರೆ ಆಫೀಸಿನ ಗೆಳೆಯರೊಬ್ಬರು, 'ಅದೆಲ್ಲ ದುಡ್ಡಿಗೆ ಮಾಡೋ ನಾಟಕ. ಸೋಲು ಗೆಲುವು ಮೊದಲೇ ಮಾತಾಡ್ಕೊಂಡಿರ್ತಾರೆ. ದೊಡ್ಡ ಆಟಗಾರರು ಹತ್ತು ನಿಮಿಷ ಬಂದು ಕೈಬೀಸಿ ಹೋಗ್ತಾರೆ' ಅಂತಾರೆ. 2017ರಲ್ಲಿ ಸ್ಪೇನಿನ ಸೆವಿಯಾ ತಂಡ ಎರಡೂ ಪಂದ್ಯ ಗೆದ್ದರೂ ಕಪ್ ಮಾತ್ರ ಆರ್ಸೆನಲ್‌ಗೆ ಕೊಟ್ಟರಂತೆ. ನಿಜವೇ? ಇಂಥ ಪಂದ್ಯದಲ್ಲಿ ಕಾಲು ಮುರಿದುಕೊಂಡು ಇಡೀ ಸೀಸನ್ ಕಳೆದುಕೊಂಡವರೂ ಇದ್ದಾರೆ. ಹಾಗಿದ್ದ ಮೇಲೆ ಆಡಿಸುವುದೇ ಯಾಕೆ? ಇನ್ನೊಂದು ವಿಷಯ. ಮಗ ಇಲ್ಲಿನ ಕ್ಲಬ್ಬೊಂದರ 13 ವರ್ಷದೊಳಗಿನವರ ತಂಡದಲ್ಲಿದ್ದಾನೆ. ಮೇ ತಿಂಗಳಿಂದ ಬೂಟು ಮುಟ್ಟಿಲ್ಲ. ಕೋಚ್ ಹತ್ತು ದಿನದಲ್ಲಿ ನಾಲ್ಕು ಫ್ರೆಂಡ್ಲಿ (ಲೀಗ್ ಲೆಕ್ಕಕ್ಕಿಲ್ಲದ ಪಂದ್ಯ) ಇಟ್ಟಿದ್ದಾರೆ. ಆಡಿಸಬಹುದಾ?

ಉತ್ತರ: ಒಂದೇ ಪತ್ರದಲ್ಲಿ ಇಷ್ಟೊಂದು ಪ್ರಶ್ನೆ ಕಟ್ಟಿ ಕಳಿಸಿದ್ದೀರಿ. ಟಿಕೆಟ್ ವಿಷಯ ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅದೇ ತಲೆಯಲ್ಲಿ ಕೊರೆಯುತ್ತಿರುತ್ತದೆ. ತಗೊಳ್ಳಿ. ಆದರೆ ಲೀಗ್ ಪಂದ್ಯದಂಥದ್ದೇ ಒಂದು ಪಂದ್ಯ ನೋಡಲು ಹೋಗುತ್ತಿದ್ದೇವೆ ಅಂತ ಹುಡುಗನಿಗೆ ಹೇಳಬೇಡಿ. ನಿಮ್ಮ ಗೆಳೆಯರ ಮಾತಿನಲ್ಲಿ ಅರ್ಧ ನಿಜ, ಇನ್ನರ್ಧ ಅರಳಿಕಟ್ಟೆ ಪುರಾಣ.

ನಾನು ಕ್ರೀಡಾ ಫಿಸಿಯೊ. ಈಗ ಬೆಂಗಳೂರಿನಲ್ಲಿ ಕ್ಲಿನಿಕ್ ಇದೆ. ಅದಕ್ಕೂ ಮೊದಲು ಇಂಗ್ಲೆಂಡಿನ ಕೆಳ ಡಿವಿಷನ್‌ನ ಒಂದು ಕ್ಲಬ್‌ನಲ್ಲಿ ಎರಡು ಸೀಸನ್ ಸಹಾಯಕ ಫಿಸಿಯೊ ಆಗಿದ್ದೆ. ದೊಡ್ಡ ಕ್ಲಬ್‌ಗಳಲ್ಲಿ ಹತ್ತು ಜನ ಮಾಡುವ ಕೆಲಸವನ್ನು ನಾವು ಇಬ್ಬರು ಮಾಡುತ್ತಿದ್ದೆವು. ಕೆಲಸ ಮಾತ್ರ ಅದೇ.

ನನ್ನ ಮೊದಲ ಪ್ರಿ-ಸೀಸನ್ ಪಂದ್ಯ ಇನ್ನೂ ನೆನಪಿದೆ. ಜುಲೈ ತಿಂಗಳು, ಪಕ್ಕದ ಊರಿನ ಚಿಕ್ಕ ಮೈದಾನ. ಡ್ರೆಸ್ಸಿಂಗ್ ರೂಮಿನಲ್ಲಿ ಒಂದು ಬಿಳಿ ಬೋರ್ಡು. ಅದರಲ್ಲಿ ತಂತ್ರ, ಬಾಣದ ಗುರುತು ಇರುತ್ತವೆ ಅಂದುಕೊಂಡಿದ್ದೆ. ಇದ್ದದ್ದು ಹೆಸರುಗಳು, ಹೆಸರಿನ ಮುಂದೆ ಒಂದೊಂದು ಅಂಕಿ. 45, 45, 60, 30. ಒಬ್ಬ ಡಿಫೆಂಡರ್ ಹೆಸರಿನ ಮುಂದೆ 25 ಅಂತ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದರು. ಹಿಂದಿನ ಸೀಸನ್‌ನಲ್ಲಿ ಅವನ ತೊಡೆಯ ಹಿಂಭಾಗ ಎರಡು ಸಲ ಹರಿದಿತ್ತು. ಪಂದ್ಯ ಶುರುವಾಗಿ 25 ನಿಮಿಷಕ್ಕೆ ಸರಿಯಾಗಿ ಅವನನ್ನು ಹೊರಗೆ ಕರೆದರು. ಆಗಷ್ಟೇ ಅವನಿಗೆ ಕಾರ್ನರ್ ಸಿಕ್ಕಿತ್ತು, ಆಡೋಕೆ ಬಿಡಿ ಅಂತ ಕೈಸನ್ನೆ ಮಾಡಿದ. ಯಾರೂ ಕೇಳಲಿಲ್ಲ. 60ನೇ ನಿಮಿಷಕ್ಕೆ ಉಳಿದವರೆಲ್ಲ ಒಟ್ಟಿಗೆ ಬದಲು. ಬೇಲಿ ಪಕ್ಕ ನಿಂತಿದ್ದ ಅಜ್ಜ ಒಬ್ಬರು, ಗೆಲ್ಲೋ ತಂಡವನ್ನ ಯಾಕಯ್ಯಾ ತೆಗೀತೀರಿ ಅಂತ ನನ್ನ ಮೇಲೆ ರೇಗಿದರು. ನಾನು ನೀರಿನ ಬಾಟಲಿ ಹಿಡಿದುಕೊಂಡು ಸುಮ್ನೆ ನಿಂತಿದ್ದೆ. ಬಸ್ ಹತ್ತಿದ ಮೇಲೆ ನಮ್ಮ ಕಿಟ್ ನೋಡಿಕೊಳ್ಳುವವನು ಕೇಳಿದ, ಕೊನೆಗೆ ಎಷ್ಟಾಯ್ತು? ಇಬ್ಬರು ಎರಡು ಬೇರೆ ಬೇರೆ ಸ್ಕೋರ್ ಹೇಳಿದರು.

ಆ ಬೋರ್ಡಿನ ಅಂಕಿಗಳೇ ಪ್ರಿ-ಸೀಸನ್. ಗ್ಯಾಲರಿಯಲ್ಲಿ ಕೂತವರಿಗೆ ಅದು ಪಂದ್ಯ. ಒಳಗಿನವರಿಗೆ ಅವತ್ತಿನ ಅಭ್ಯಾಸ, ಜನ ನೋಡುತ್ತಿರುತ್ತಾರೆ ಅಷ್ಟೆ. ನಿಮ್ಮ ಗೊಂದಲವೆಲ್ಲ ಹುಟ್ಟಿರುವುದು ಈ ಎರಡರ ನಡುವೆ.

ಈಗ 2017ರ ಕಥೆ. ನಿಮ್ಮ ಗೆಳೆಯರು ಹೇಳಿದ್ದು ನಿಜ. ಸೆವಿಯಾ ಎರಡೂ ಪಂದ್ಯ ಗೆದ್ದಿತು. ಕೊನೆಯ ಪಂದ್ಯದಲ್ಲಿ ಆರ್ಸೆನಲ್ ತಂಡವನ್ನೇ 2-1ರಿಂದ ಸೋಲಿಸಿತು. ಆಮೇಲೆ ಸೋತವರು ಕಪ್ ಎತ್ತಿದರು. ನೋಡುವವರಿಗೆ ಅನುಮಾನ ಬರದೆ ಇರುತ್ತದಾ? ಆದರೆ ಲೆಕ್ಕ ಹಾಕಿ ನೋಡಿ. ಆಗ ನಾಲ್ಕು ತಂಡ, ಎರಡು ದಿನ. ಗೆದ್ದರೆ 3 ಅಂಕ, ಡ್ರಾ ಆದರೆ 1, ಅದರ ಜೊತೆಗೆ ಹೊಡೆದ ಪ್ರತಿ ಗೋಲಿಗೂ 1 ಅಂಕ. ಸೆವಿಯಾ ಮೊದಲ ದಿನ ಲೈಪ್‌ಜಿಗ್ ವಿರುದ್ಧ 1-0, ಮರುದಿನ ಆರ್ಸೆನಲ್ ವಿರುದ್ಧ 2-1. ಎರಡು ಗೆಲುವಿಗೆ 6, ಗೋಲಿಗೆ 3, ಒಟ್ಟು 9. ಆರ್ಸೆನಲ್ ಮೊದಲ ದಿನ ಬೆನ್ಫಿಕಾಗೆ 5-2ರಿಂದ ಚಚ್ಚಿತ್ತು. ಒಂದು ಗೆಲುವಿಗೆ 3, ಎರಡು ದಿನದ ಗೋಲಿಗೆ 6, ಒಟ್ಟು 9. ಗೋಲು ವ್ಯತ್ಯಾಸವೂ, ಅಂದರೆ ಹೊಡೆದದ್ದರಲ್ಲಿ ತಿಂದದ್ದು ಕಳೆದರೆ, ಇಬ್ಬರದ್ದೂ +2. ಹಾಗಾಗಿ ಜಾಸ್ತಿ ಗೋಲು ಹೊಡೆದವರಿಗೆ ಕಪ್. ನಿಯಮ ವಿಚಿತ್ರ ಅನ್ನಿ, ಒಪ್ಪುತ್ತೇನೆ. ಮೋಸ ಅನ್ನಬೇಡಿ. ಬೇಸಿಗೆಯಲ್ಲಿ ದುಡ್ಡು ಕೊಟ್ಟು ಬಂದವರು ಗೋಲಿಲ್ಲದ ಪಂದ್ಯ ನೋಡಿ ಆಕಳಿಸಬಾರದು ಅಂತ ಇಟ್ಟ ನಿಯಮ ಅದು. ಈಗ ಆ ಗೋಜಿಲ್ಲ. 2019ರಿಂದ ಎಮಿರೇಟ್ಸ್ ಕಪ್ ಅಂದರೆ ಒಂದೇ ಪಂದ್ಯ, ಗೆದ್ದವರಿಗೆ ಕಪ್.

ಮೊದಲೇ ಮಾತಾಡಿಕೊಂಡಿರುತ್ತಾರೆ ಎನ್ನುವುದರ ಬಗ್ಗೆ ಸ್ವಲ್ಪ ಎಚ್ಚರಿಕೆಯಿಂದಲೇ ಹೇಳಬೇಕು. ಫ್ರೆಂಡ್ಲಿ ಪಂದ್ಯಗಳಲ್ಲಿ ಫಿಕ್ಸಿಂಗ್ ನಡೆದೇ ಇಲ್ಲ ಅಂತಲ್ಲ. 2011ರ ಫೆಬ್ರವರಿಯಲ್ಲಿ ಟರ್ಕಿಯ ಅಂಟಾಲ್ಯದಲ್ಲಿ ಒಂದೇ ದಿನ ಎರಡು ಫ್ರೆಂಡ್ಲಿ ನಡೆದವು. ಎಸ್ಟೋನಿಯಾ–ಬಲ್ಗೇರಿಯಾ 2-2, ಲಾಟ್ವಿಯಾ–ಬೊಲಿವಿಯಾ 2-1. ಒಟ್ಟು ಏಳು ಗೋಲು. ಏಳೂ ಪೆನಾಲ್ಟಿ! ತನಿಖೆಯಾಗಿ ರೆಫರಿಗಳಿಗೆ ಫಿಫಾ ಆಜೀವ ನಿಷೇಧ ಹಾಕಿತು. ಗಮನಿಸಿ, ಅಲ್ಲಿ ಪ್ರೇಕ್ಷಕರೇ ಇರಲಿಲ್ಲ ಅನ್ನುವಷ್ಟು ಕಡಿಮೆ. ಫಿಕ್ಸಿಂಗ್ ಮಾಡುವವರಿಗೆ ಬೇಕಾದದ್ದು ಅಂಥದ್ದೇ ಖಾಲಿ ಮೂಲೆ. 60,000 ಜನ ಕೂತು, ಟಿವಿಯಲ್ಲಿ ನೇರ ಪ್ರಸಾರವಾಗುವ, ಹತ್ತು ದಿನದಲ್ಲಿ ಲೀಗ್ ಆಡಬೇಕಾದ ತಂಡದ ಪಂದ್ಯದಲ್ಲಿ ಅದು ನಡೆಯುತ್ತದೆ ಅಂತ ನನಗಂತೂ ಅನ್ನಿಸುವುದಿಲ್ಲ. ಅಲ್ಲಿ ಕಾಣುವ ಸಪ್ಪೆತನಕ್ಕೆ ಬೇರೆ ಕಾರಣ ಇದೆ. ಆಟಗಾರನ ಕಾಲು ಇನ್ನೂ ಪೂರ್ತಿ ತಯಾರಾಗಿರುವುದಿಲ್ಲ.

ಹಾಗಾದರೆ ಈ ಸ್ಕೋರ್‌ಗಳಿಗೆ ಅರ್ಥವೇ ಇಲ್ವಾ? ಮ್ಯಾಂಚೆಸ್ಟರ್ ಯುನೈಟೆಡ್ ಅಭಿಮಾನಿಗಳನ್ನು ಕೇಳಿ, ಕಣ್ಣಲ್ಲಿ ನೀರು ತರಿಸಿಕೊಂಡು ಹೇಳುತ್ತಾರೆ. 2014ರಲ್ಲಿ ವಾನ್ ಹಾಲ್ ಹೊಸ ಕೋಚ್. ಅಮೆರಿಕದ ಇಂಟರ್‌ನ್ಯಾಷನಲ್ ಚಾಂಪಿಯನ್ಸ್ ಕಪ್‌ನಲ್ಲಿ ಯುನೈಟೆಡ್ ಎಲ್ಲರನ್ನೂ ಮಣಿಸಿತು. ಮಿಷಿಗನ್‌ನಲ್ಲಿ 1,09,318 ಜನರ ಎದುರು ರಿಯಲ್ ಮ್ಯಾಡ್ರಿಡ್‌ಗೆ 3-1. ಫೈನಲ್‌ನಲ್ಲಿ ಲಿವರ್‌ಪೂಲ್‌ಗೆ 3-1. ಕಪ್ ಹಿಡಿದು ಊರಿಗೆ ಬಂದರು. ಲೀಗ್‌ನ ಮೊದಲ ದಿನವೇ ಸ್ವಂತ ಮೈದಾನದಲ್ಲಿ ಸ್ವಾನ್ಸಿ ಕೈಲಿ 2-1ರಿಂದ ಸೋತರು. ಅದೇ ತಿಂಗಳು ಮೂರನೇ ದರ್ಜೆಯ ಲೀಗ್‌ನಲ್ಲಿದ್ದ ಎಂಕೆ ಡಾನ್ಸ್ ಕೈಲಿ 4-0.

ಉಲ್ಟಾ ಉದಾಹರಣೆಯೂ ಇದೆ. 2019ರ ಜುಲೈನಲ್ಲಿ, ಅದೇ ಟೂರ್ನಿಯಲ್ಲಿ, ಅಟ್ಲೆಟಿಕೊ ಮ್ಯಾಡ್ರಿಡ್ ತನ್ನದೇ ಊರಿನ ರಿಯಲ್‌ಗೆ ನ್ಯೂಜೆರ್ಸಿಯಲ್ಲಿ 7-3ರಿಂದ ಬಾರಿಸಿತು. ಡಿಯೆಗೊ ಕೋಸ್ಟಾ ಒಬ್ಬನೇ ನಾಲ್ಕು ಗೋಲು ಹೊಡೆದ. ಆಮೇಲೆ ಜಗಳ ಮಾಡಿಕೊಂಡು ರೆಡ್ ಕಾರ್ಡನ್ನೂ ತಗೊಂಡ. ಫ್ರೆಂಡ್ಲಿ ಅಂತ ಹೆಸರಿಟ್ಟವರು ಯಾರೋ! ಆ ಸೀಸನ್ ಸ್ಪೇನ್ ಲೀಗ್ ಗೆದ್ದದ್ದು ಮಾತ್ರ ಏಳು ಗೋಲು ತಿಂದ ರಿಯಲ್.

ನಿಮ್ಮ ಮಗನಿಗೆ ಇಷ್ಟವಾಗುವ ಉದಾಹರಣೆ ಬೇಕಾದರೆ 2022ರ ಎಮಿರೇಟ್ಸ್ ಕಪ್. ಆರ್ಸೆನಲ್ 6, ಸೆವಿಯಾ 0. ಹೊಸದಾಗಿ ಬಂದ ಗೇಬ್ರಿಯಲ್ ಜೀಸಸ್ ಹ್ಯಾಟ್ರಿಕ್. ಆ ವರ್ಷ ಆರ್ಸೆನಲ್ 84 ಅಂಕ ಗಳಿಸಿ ಲೀಗ್‌ನಲ್ಲಿ ಎರಡನೇ ಸ್ಥಾನಕ್ಕೆ ಬಂತು, ಸೆವಿಯಾ ಅಕ್ಟೋಬರ್‌ನಲ್ಲೇ ಕೋಚನ್ನು ಮನೆಗೆ ಕಳಿಸಿತು. ನೋಡಿ, ಫ್ರೆಂಡ್ಲಿಯಲ್ಲೇ ಗೊತ್ತಾಗಿತ್ತಲ್ಲ ಅನ್ನಬಹುದು. ಆದರೆ ಅದೇ ಸೆವಿಯಾ ಮುಂದಿನ ಮೇ ತಿಂಗಳಲ್ಲಿ ಯುರೋಪಿನ ಕ್ಲಬ್‌ಗಳ ಟೂರ್ನಿ ಯುರೋಪಾ ಲೀಗ್ ಗೆದ್ದಿತು. ನಾನು ಸ್ಕೋರ್ ನೋಡುವುದನ್ನು ಬಿಟ್ಟದ್ದು ಇದಕ್ಕೇ. ಯಾರು ಎಷ್ಟು ನಿಮಿಷ ಆಡಿದರು, ಯಾರ ಪಕ್ಕ ಯಾರನ್ನು ಆಡಿಸಿದರು, ಕೊನೆಯ ಹತ್ತು ನಿಮಿಷದಲ್ಲಿ ಯಾರ ಕಾಲು ಎಳೆಯುತ್ತಿತ್ತು, ಇಷ್ಟು ನೋಡಿದರೆ ಸಾಕು.

ಒಂದು ಚೂರು ದಾರಿ ತಪ್ಪುತ್ತೇನೆ, ಕ್ಷಮಿಸಿ. ಈ ಕಪ್‌ಗಳನ್ನು ಪೂರ್ತಿ ಲೇವಡಿ ಮಾಡಲು ನನಗೆ ಮನಸ್ಸು ಬರುವುದಿಲ್ಲ, ಯಾಕೆಂದರೆ ಇವತ್ತು ನಾವು ಉಸಿರು ಬಿಗಿಹಿಡಿದು ನೋಡುವ ಪೆನಾಲ್ಟಿ ಶೂಟೌಟ್ ಬೆಳೆದದ್ದು ಇಲ್ಲೇ. ಮೊದಲೆಲ್ಲ ಸಮಬಲವಾದರೆ ನಾಣ್ಯ ಚಿಮ್ಮುತ್ತಿದ್ದರು. ಸ್ಪೇನಿನ ದಕ್ಷಿಣದ ಕಾಡಿಜ್ ಊರಿನಲ್ಲಿ 1955ರಿಂದ ಕರಾಂಜಾ ಟ್ರೋಫಿ ಅಂತ ಬೇಸಿಗೆ ಟೂರ್ನಿ ನಡೆಯುತ್ತದೆ. 1962ರಲ್ಲಿ ಅಲ್ಲಿ ಬಾರ್ಸಿಲೋನಾ–ಜರಗೋಜಾ ಫೈನಲ್ ಸಮಬಲವಾದಾಗ ಪೆನಾಲ್ಟಿ ಹೊಡೆಸಿ ತೀರ್ಮಾನ ಮಾಡಿದರು. ಇಂಗ್ಲೆಂಡಿಗೂ ಅದು ಬಂದದ್ದು ಪ್ರಿ-ಸೀಸನ್ ಬಾಗಿಲಿನಿಂದಲೇ. 1970ರ ಆಗಸ್ಟ್ 5, ವಾಟ್ನಿ ಕಪ್, ಹಲ್ ಸಿಟಿ ವಿರುದ್ಧ ಮ್ಯಾಂಚೆಸ್ಟರ್ ಯುನೈಟೆಡ್. ಮೊದಲ ಒದೆತ ಜಾರ್ಜ್ ಬೆಸ್ಟ್‌ದು, ಗೋಲು. ಇಂಗ್ಲೆಂಡಿನಲ್ಲಿ ಶೂಟೌಟ್ ಪೆನಾಲ್ಟಿ ಹೊಡೆದು ಗೋಲು ಸಿಗದ ಮೊದಲಿಗ ಯಾರು ಗೊತ್ತಾ? ಡೆನಿಸ್ ಲಾ. ಗೋಲು ಹೊಡೆಯುವುದರಲ್ಲಿ ಅಂಥ ನಿಸ್ಸೀಮ! ಲೆಕ್ಕಕ್ಕಿಲ್ಲದ ಪಂದ್ಯವಾದ್ದರಿಂದಲೇ ಹೊಸದನ್ನು ಪ್ರಯತ್ನಿಸುವ ಧೈರ್ಯ ಬಂತು.

ಸರಿ, ನಿಮ್ಮ ಮುಖ್ಯ ಪ್ರಶ್ನೆಗೆ ಬರೋಣ. ಗಾಯವಾಗುತ್ತದೆ ಅಂತ ಗೊತ್ತಿದ್ದೂ ಯಾಕೆ ಆಡಿಸುತ್ತಾರೆ?

ನಮ್ಮಪ್ಪ ರೈತರು. ಬೇಸಿಗೆ ಪೂರ್ತಿ ಕೊಟ್ಟಿಗೆಯಲ್ಲಿ ನಿಂತ ಎತ್ತನ್ನು ಮೊದಲ ಮಳೆ ಬಿದ್ದ ದಿನವೇ ಇಡೀ ಹೊಲಕ್ಕೆ ಹೂಡುತ್ತಿರಲಿಲ್ಲ. ಮೊದಲ ದಿನ ನಾಲ್ಕು ಸಾಲು. ಮರುದಿನ ಇನ್ನೊಂದಿಷ್ಟು. ಹಾಗಂತ ಹೂಡದೇ ಇಟ್ಟರೂ ಆಗದು, ನೊಗಕ್ಕೆ ಹೆಗಲು ಒಗ್ಗಬೇಕಲ್ಲ. ಫುಟ್‌ಬಾಲ್ ಆಟಗಾರನ ಕಥೆಯೂ ಇಷ್ಟೇ. ಮೂರು ನಾಲ್ಕು ವಾರ ರಜೆ ಮುಗಿಸಿ ಬಂದವನ ಉಸಿರು ಎರಡು ವಾರದಲ್ಲಿ ಹಿಂದಕ್ಕೆ ಬರುತ್ತದೆ. ಅದು ಬೇಗ. ಸ್ನಾಯು, ಅದಕ್ಕಿಂತ ಹೆಚ್ಚಾಗಿ ಸ್ನಾಯುವನ್ನು ಮೂಳೆಗೆ ಹಿಡಿದಿಡುವ ಸ್ನಾಯುರಜ್ಜು, ಅಷ್ಟು ಬೇಗ ಒಗ್ಗುವುದಿಲ್ಲ. ಆಟಗಾರನಿಗೆ ತಾನು ತಯಾರು ಅನ್ನಿಸುತ್ತಿರುತ್ತದೆ, ಕಾಲು ಇನ್ನೂ ತಯಾರಿರುವುದಿಲ್ಲ. ಪ್ರಿ-ಸೀಸನ್‌ನ ತಾಪತ್ರಯವೆಲ್ಲ ಈ ಎರಡು ಮೂರು ವಾರದಲ್ಲೇ.

ಬರೀ ಅಭ್ಯಾಸದಲ್ಲಿ ಯಾಕೆ ಸರಿಮಾಡಬಾರದು ಅಂತ ಕೇಳಬಹುದು. ಮಾಡುತ್ತಾರೆ, ಬಹುಪಾಲು ಅಲ್ಲೇ ಮಾಡುತ್ತಾರೆ. ಆದರೆ ಕೋನ್ ಇಟ್ಟು ಓಡಿಸಿದಾಗ ಯಾವಾಗ ನಿಲ್ಲಬೇಕು ಅಂತ ಆಟಗಾರನಿಗೆ ಗೊತ್ತಿರುತ್ತದೆ. ಪಂದ್ಯದಲ್ಲಿ ಎದುರಿನವನು ಹೇಳಿ ಕೇಳಿ ತಿರುಗುವುದಿಲ್ಲ. ಪೂರ್ತಿ ವೇಗದಲ್ಲಿ ಓಡುತ್ತಾ ಗಕ್ಕನೆ ನಿಲ್ಲಬೇಕು, ಒಂದೇ ಕಾಲಿನ ಮೇಲೆ ತಿರುಗಬೇಕು, ಅದೇ ಹೊತ್ತಿಗೆ ಯಾರೋ ಬಂದು ಭುಜಕ್ಕೆ ಗುದ್ದುತ್ತಾರೆ. ಇದನ್ನು ಕೋನ್ ಕಲಿಸುವುದಿಲ್ಲ. ಜುಲೈನಲ್ಲಿ 45 ನಿಮಿಷ, ಆಮೇಲೆ 60, 75, ಹೀಗೆ ಏರಿಸಿದವನು ಲೀಗ್‌ನ ಮೊದಲ ದಿನ 90 ತಡೆದುಕೊಳ್ಳುತ್ತಾನೆ. ಸೊನ್ನೆಯಿಂದ ಒಂದೇ ನೆಗೆತಕ್ಕೆ 90ಕ್ಕೆ ಹಾರಿದವನು ಎರಡನೇ ವಾರ ನಮ್ಮ ಟೇಬಲ್ ಮೇಲೆ ಮಲಗಿರುತ್ತಾನೆ. ಫ್ರೆಂಡ್ಲಿಗಳಲ್ಲಿ ಅಷ್ಟೊಂದು ಬದಲಾವಣೆ ಮಾಡಲು ಆಟದ ನಿಯಮವೂ ಬಿಡುತ್ತದೆ. ಎರಡು ತಂಡ ಮೊದಲೇ ಒಪ್ಪಿ ರೆಫರಿಗೆ ತಿಳಿಸಿದರೆ ಸಾಕು.

ಯುರೋಪಿನ ದೊಡ್ಡ ಕ್ಲಬ್‌ಗಳ ಗಾಯಗಳನ್ನು 2001ರಿಂದ ಅಲ್ಲಿನ ಫುಟ್‌ಬಾಲ್ ಆಡಳಿತ ಸಂಸ್ಥೆ ಯುಇಎಫ್ಎ ಲೆಕ್ಕ ಇಡುತ್ತಾ ಬಂದಿದೆ. ಅದನ್ನು ಮುನ್ನಡೆಸಿದವರು ಸ್ವೀಡನ್ನಿನ ವೈದ್ಯ ಯಾನ್ ಎಕ್‌ಸ್ಟ್ರಾಂಡ್. ಅವರ ಮೊದಲ ಏಳು ಸೀಸನ್‌ಗಳ ಲೆಕ್ಕದಲ್ಲಿ, ಸಾವಿರ ಗಂಟೆ ಅಭ್ಯಾಸಕ್ಕೆ ಸುಮಾರು 4 ಗಾಯ, ಸಾವಿರ ಗಂಟೆ ಪಂದ್ಯಕ್ಕೆ ಸುಮಾರು 27. ಪಂದ್ಯ ಅಂದರೆ ಅಪಾಯ ಜಾಸ್ತಿ, ಇದರಲ್ಲಿ ಎರಡು ಮಾತಿಲ್ಲ. ಆದರೆ ಅದೇ ಅಧ್ಯಯನದ ಇನ್ನೊಂದು ಮಾತು ಜನರ ಕಿವಿಗೆ ಬಿದ್ದಿಲ್ಲ. ಡಿಕ್ಕಿ, ಬೀಳುವುದು, ತೊಡೆಯ ಹಿಂಭಾಗ ಹರಿಯುವುದು, ಇವೆಲ್ಲ ಸೀಸನ್ ನಡೆಯುವಾಗಲೇ ಹೆಚ್ಚು. ಪ್ರಿ-ಸೀಸನ್‌ನಲ್ಲಿ ಎದ್ದು ಕಾಣುವುದು ಅತಿಬಳಕೆಯ ನೋವು. ಹಿಮ್ಮಡಿ ಮೇಲಿನ ರಜ್ಜು, ತೊಡೆಸಂದು, ಮೊಣಕಾಲ ಚಿಪ್ಪಿನ ಕೆಳಗೆ. ಅಂದರೆ ಒಂದು ಕೆಟ್ಟ ಟ್ಯಾಕಲ್‌ಗಿಂತ, ಕೆಲವೇ ದಿನದಲ್ಲಿ ತುಂಬಿಸಿದ ಹೊರೆ ಇಲ್ಲಿ ಹೆಚ್ಚು ಕಾಡುತ್ತದೆ.

ಆದರೂ ದೊಡ್ಡ ಗಾಯಗಳು ಆಗುತ್ತವೆ. ಅವು ಮನಸ್ಸಿನಲ್ಲಿ ಉಳಿಯುತ್ತವೆ. 2019ರ ಆ 7-3 ಪಂದ್ಯಕ್ಕೆ ಮೂರು ದಿನ ಮೊದಲು, ಇದೇ ಆರ್ಸೆನಲ್ ವಿರುದ್ಧ, ರಿಯಲ್‌ನ ಮಾರ್ಕೊ ಅಸೆನ್ಸಿಯೊ ಗೋಲು ಹೊಡೆದು ಸ್ವಲ್ಪ ಹೊತ್ತಿಗೆ ಮೊಣಕಾಲಿನ ಲಿಗಮೆಂಟ್ ಹರಿದುಕೊಂಡ. ವಾಪಸ್ ಬಂದದ್ದು ಮುಂದಿನ ವರ್ಷ ಜೂನ್‌ನಲ್ಲಿ. ಬದಲಿಯಾಗಿ ಒಳಗೆ ಬಂದವನು ಮುಟ್ಟಿದ ಮೊದಲ ಚೆಂಡನ್ನೇ ಗೋಲು ಮಾಡಿದ, ಅದು ಬೇರೆ ಮಾತು. 2021ರಲ್ಲಿ ಲೆಸ್ಟರ್‌ನ ಫೊಫಾನಾ ವಿಯಾರ್ರಿಯಲ್ ವಿರುದ್ಧದ ಫ್ರೆಂಡ್ಲಿಯಲ್ಲಿ ಕಾಲು ಮುರಿದುಕೊಂಡ. 2023ರಲ್ಲಿ ಚೆಲ್ಸಿ ಕೊಂಡುಕೊಂಡ ಎನ್‌ಕುಂಕು ಷಿಕಾಗೋದಲ್ಲಿ ಮೊಣಕಾಲು ಕೆಡಿಸಿಕೊಂಡು ಡಿಸೆಂಬರ್‌ವರೆಗೆ ಆಡಲಿಲ್ಲ. 2025ರ ಆಗಸ್ಟ್ 3ರಂದು ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಟಾಟನ್‌ಹ್ಯಾಮ್‌ನ ಮ್ಯಾಡಿಸನ್‌ಗೂ ಹೀಗೇ ಆಯಿತು. ಪಟ್ಟಿ ನೋಡಿದರೆ ಭಯವಾಗುತ್ತದೆ. ಜೊತೆಗೆ ಇದನ್ನೂ ನೆನಪಿಡಿ, ನಿಮ್ಮ ಮಗನಿಗೆ ಗೊತ್ತೇ ಇರುತ್ತದೆ. ಆರ್ಸೆನಲ್‌ನ ಟಿಂಬರ್ 2023ರ ಪ್ರಿ-ಸೀಸನ್ ಪೂರ್ತಿ ಆರಾಮಾಗಿ ಮುಗಿಸಿದ. ಲಿಗಮೆಂಟ್ ಹರಿದದ್ದು ಲೀಗ್‌ನ ಮೊದಲ ಪಂದ್ಯದಲ್ಲಿ.

ನನ್ನ ತಕರಾರು ಪಂದ್ಯ ಆಡಿಸುವುದರ ಮೇಲಲ್ಲ, ವಿಮಾನ ಹತ್ತಿಸುವುದರ ಮೇಲೆ. ಇಲ್ಲಿ ನಿಮ್ಮ ಗೆಳೆಯರ ಮಾತು ಸರಿ, ದುಡ್ಡು ದೊಡ್ಡ ಕಾರಣ. ಜುಲೈನಲ್ಲಿ ಎರಡು ವಾರ ಅಮೆರಿಕ ಅಥವಾ ಏಷ್ಯಾ. ಹತ್ತು ಹನ್ನೆರಡು ಗಂಟೆ ಕೂತೇ ಪ್ರಯಾಣ, ಕೆಟ್ಟ ನಿದ್ದೆ, ಬಿಸಿಲು, ಪ್ರಾಯೋಜಕರ ಜೊತೆ ಫೋಟೊ. ಅಮೆರಿಕದ ಕೆಲವು ಸ್ಟೇಡಿಯಂಗಳಲ್ಲಿ ಪ್ಲಾಸ್ಟಿಕ್ ಹುಲ್ಲಿನ ಮೇಲೆ ನಾಲ್ಕು ದಿನಕ್ಕೆ ಅಂತ ನಿಜವಾದ ಹುಲ್ಲನ್ನು ಚಾಪೆಯ ಹಾಗೆ ಹಾಸುತ್ತಾರೆ. ಕಾಲಿಟ್ಟರೆ ಕೆಳಗೆ ಜರುಗಿದ ಹಾಗಾಗುತ್ತದೆ ಅಂತ ಆಟಗಾರರು ಗೊಣಗುವುದನ್ನು ನಾನೇ ಕೇಳಿದ್ದೇನೆ. ಕಾಲಿಗೆ ಸಮಯ ಬೇಕಾದ ವಾರಗಳಲ್ಲೇ ಇಷ್ಟೆಲ್ಲ. ಆಟಗಾರರ ಸಂಘ ಫಿಫ್‌ಪ್ರೊ ವರ್ಷಕ್ಕೆ 28 ದಿನವಾದರೂ ಪೂರ್ತಿ ರಜೆ ಕೊಡಿ ಅಂತ ಕೇಳುತ್ತಲೇ ಇದೆ. 2025ರಲ್ಲಿ ಪ್ಯಾರಿಸ್‌ನ ಪಿಎಸ್‌ಜಿ ತಂಡ ಕ್ಲಬ್‌ಗಳ ವಿಶ್ವಕಪ್ ಫೈನಲ್ ಆಡಿದ್ದು ಜುಲೈ 13ಕ್ಕೆ. ಯುರೋಪಿನ ಸೂಪರ್ ಕಪ್ ಆಗಸ್ಟ್ 13ಕ್ಕೆ. ನಡುವೆ ರಜೆಯೂ ಬೇಕು, ತಯಾರಿಯೂ ಬೇಕು. ಒಂದೂ ಫ್ರೆಂಡ್ಲಿ ಆಡದೆ ಟಾಟನ್‌ಹ್ಯಾಮ್ ಎದುರು ಇಳಿದರು. 85ನೇ ನಿಮಿಷದವರೆಗೆ 2-0 ಹಿಂದೆ, ಕಾಲೇ ಏಳುತ್ತಿರಲಿಲ್ಲ. ಆಮೇಲೆ ಎರಡು ಗೋಲು ಹೊಡೆದು ಪೆನಾಲ್ಟಿಯಲ್ಲಿ ಗೆದ್ದರು ಕೂಡ. ಫುಟ್‌ಬಾಲ್ ನಮ್ಮಂಥವರ ಮಾತನ್ನು ಯಾವಾಗ ಕೇಳಿದೆ ಹೇಳಿ.

ಇನ್ನು ನಿಮ್ಮ ಟಿಕೆಟ್. ಕಪ್‌ನ ಹೆಸರಿಗಿಂತ ಮೊದಲು ತಾರೀಕು ನೋಡಿ. ಬೋರ್ಡಿನ ಮೇಲೆ ಯಾವ ಅಂಕಿ ಇರುತ್ತದೆ ಅಂತ ತಾರೀಕೇ ಹೇಳುತ್ತದೆ. ಲೀಗ್‌ಗೆ ಇನ್ನೂ ನಾಲ್ಕೈದು ವಾರ ಇದ್ದರೆ ಅರ್ಧ ತಂಡ 45 ನಿಮಿಷ, ಇನ್ನರ್ಧ ಅಕಾಡೆಮಿ ಹುಡುಗರು. ಒಂದು ವಾರ ಇದ್ದರೆ, ಮುಂದಿನ ವಾರ ಆಡುವ ಹನ್ನೊಂದು ಜನರೇ ಬಹುತೇಕ ಇಳಿಯುತ್ತಾರೆ, ಒಂದು ಗಂಟೆಗೂ ಮೇಲೆ ಆಡುತ್ತಾರೆ. ಎಮಿರೇಟ್ಸ್ ಕಪ್ ಈಚೆಗೆ ಬೀಳುತ್ತಿರುವುದು ಆ ಕೊನೆಯ ವಾರಕ್ಕೇ. 2024ರಲ್ಲಿ ಲಿಯೋನ್ ವಿರುದ್ಧ ಆಗಸ್ಟ್ 11ಕ್ಕೆ ಕಪ್, 17ಕ್ಕೆ ಲೀಗ್. 2025ರಲ್ಲಿ ಅಥ್ಲೆಟಿಕ್ ಬಿಲ್ಬಾವೊ ವಿರುದ್ಧ 9ಕ್ಕೆ ಕಪ್, 17ಕ್ಕೆ ಲೀಗ್. ಆ ಪಂದ್ಯದಲ್ಲಿ ಹೊಸ ಸ್ಟ್ರೈಕರ್ ಯೋಕೆರೆಸ್ ಆರ್ಸೆನಲ್ ಪರ ಮೊದಲ ಗೋಲು ಹೊಡೆದ, ತಂಡದ ತಾರೆ ಸಾಕಾ ಕೂಡ ಹೊಡೆದ. ಹತ್ತು ನಿಮಿಷ ಕೈಬೀಸುವ ಮಾತು ಇಲ್ಲಿಗೆ ಹೊಂದುವುದಿಲ್ಲ.

ವಿಶ್ವಕಪ್ ಅಥವಾ ಯೂರೊ (ಯುರೋಪಿನ ದೇಶಗಳ ಟೂರ್ನಿ) ನಡೆದ ಬೇಸಿಗೆಯಾದರೆ ಮಾತ್ರ ಹುಡುಗನನ್ನು ಮೊದಲೇ ತಯಾರು ಮಾಡಿ. ಕೊನೆಯ ಹಂತದವರೆಗೆ ಆಡಿದವರಿಗೆ ರಜೆ ತಡವಾಗಿ ಸಿಗುತ್ತದೆ, ಬರುವುದೂ ತಡ. 2024ರಲ್ಲಿ ಯೂರೊ ಫೈನಲ್ ಆಡಿದ ಸಾಕಾ, ರೈಸ್ ಆರ್ಸೆನಲ್‌ನ ಅಮೆರಿಕ ಪ್ರವಾಸಕ್ಕೇ ಹೋಗಲಿಲ್ಲ. ಒಬ್ಬನೇ ಆಟಗಾರನನ್ನು ನೋಡಲು ಅಂತ ಟಿಕೆಟ್ ತಗೊಂಡರೆ ಎದೆ ಒಡೆಯುವುದು ಗ್ಯಾರಂಟಿ ಅಂತ ಇಟ್ಟುಕೊಳ್ಳಿ. 2019ರಲ್ಲಿ ಸೋಲ್‌ನಲ್ಲಿ ಏನಾಯಿತು ಕೇಳಿ. ಯುವೆಂಟಸ್ ಬಂದಿತ್ತು. ರೊನಾಲ್ಡೊ ಕನಿಷ್ಠ 45 ನಿಮಿಷ ಆಡುತ್ತಾನೆ ಅಂತ ಜಾಹೀರಾತು ಮಾಡಿ ಟಿಕೆಟ್ ಮಾರಿದ್ದರು. ಸುಮಾರು 65,000 ಜನ ಬಂದರು. ತಂಡ ತಡವಾಗಿ ತಲುಪಿತು, ಪಂದ್ಯ ಒಂದು ಗಂಟೆಯಷ್ಟು ತಡವಾಗಿ ಶುರುವಾಯಿತು, ರೊನಾಲ್ಡೊ ಬೆಂಚಿನಿಂದ ಏಳಲೇ ಇಲ್ಲ. ಜನ ಕೋರ್ಟಿಗೆ ಹೋದರು. ಕೇಸು ಹಾಕಿದ ಇಬ್ಬರಿಗೆ ತಲಾ 3,71,000 ವಾನ್ ಕೊಡಬೇಕು ಅಂತ ಆಯೋಜಕರಿಗೆ ತೀರ್ಪಾಯಿತು. ನನ್ನ ಫಿಸಿಯೊ ಬುದ್ಧಿಗೆ ಹೊಳೆದದ್ದೇ ಬೇರೆ. ವಿಮಾನ ಇಳಿದ ದಿನವೇ, ಬಸ್ಸಿನಲ್ಲಿ ಕೂತು ಕೂತು ಮರಗಟ್ಟಿದ 34 ವರ್ಷದವನ ಕಾಲನ್ನು ನಾನೂ ಮೈದಾನಕ್ಕೆ ಕಳಿಸುತ್ತಿರಲಿಲ್ಲ. ಆಡಿಸದೇ ಇದ್ದದ್ದು ಸರಿ, ಆಡಿಸುತ್ತೇವೆ ಅಂತ ಟಿಕೆಟ್ ಮಾರಬಾರದಿತ್ತು.

ನಿಮ್ಮ ಮುಂದೆ ಬೇರೆ ದಾರಿಯೂ ಇದೆ. ರೆಡಿಂಗ್‌ನಲ್ಲೇ ಇದ್ದೀರಿ, ಅಲ್ಲಿನ ಕ್ಲಬ್ಬಿನ ಪ್ರಿ-ಸೀಸನ್ ಪಂದ್ಯ ನೋಡಿ. ಸುತ್ತಮುತ್ತಲ ಚಿಕ್ಕ ಮೈದಾನಗಳಲ್ಲಿ ಬೇಲಿಗೆ ಒರಗಿಕೊಂಡು ನೋಡಬಹುದು. ಆಟಗಾರರು ಒಬ್ಬರನ್ನೊಬ್ಬರು ಕೂಗುವುದು, ಕೋಚ್ ಬೈಯುವುದು ಎಲ್ಲ ಕೇಳಿಸುತ್ತದೆ. ಆಟ ಕಲಿಯುವ ಹುಡುಗನಿಗೆ ಇದರಿಂದಲೇ ಲಾಭ ಜಾಸ್ತಿ ಅಂತ ನನ್ನ ಅನಿಸಿಕೆ. ಆದರೆ ಅಲ್ಲಿ ಸಾಕಾ ಇರುವುದಿಲ್ಲ. 12 ವರ್ಷದವನ ಹತ್ತಿರ ಈ ವಾದ ಗೆಲ್ಲಲು ಹೋಗಬೇಡಿ. ಎಮಿರೇಟ್ಸ್‌ಗೇ ಕರೆದುಕೊಂಡು ಹೋಗಿ. ಟಿಕೆಟ್ ಮಾತ್ರ ಕ್ಲಬ್ಬಿನಿಂದಲೇ ತಗೊಳ್ಳಿ, ಮರುಮಾರಾಟದವರ ಹತ್ತಿರ ಬೇಡ.

ಇನ್ನು ಹುಡುಗನ ನಾಲ್ಕು ಫ್ರೆಂಡ್ಲಿ. ನಿಮ್ಮ ಪತ್ರದಲ್ಲಿ ನನಗೆ ನಿಜವಾಗಿ ಚಿಂತೆ ಹುಟ್ಟಿಸಿದ್ದು ಇದೇ. ಸಾಕಾಗೆ ಎಣಿಸಲು ಜನ ಇದ್ದಾರೆ. ಬೆನ್ನಿಗೆ ಜಿಪಿಎಸ್, ಪಂದ್ಯ ಮುಗಿದ ಅರ್ಧ ಗಂಟೆಗೆ ಬಂದು ಎಷ್ಟು ಕಷ್ಟ ಆಯ್ತು, ಹತ್ತಕ್ಕೆ ಎಷ್ಟು ಕೊಡ್ತೀಯಾ ಅಂತ ಕೇಳುವವರು. ನಿಮ್ಮ ಮಗನಿಗೆ ನೀವೇ ಎಣಿಸಬೇಕು. ಮೇ ತಿಂಗಳಿಂದ ಓಡದ, ಈಗ ಎತ್ತರ ಬೆಳೆಯುತ್ತಿರುವ ವಯಸ್ಸಿನ ಹುಡುಗ. ಮೂಳೆ ಮೊದಲು ಉದ್ದವಾಗುತ್ತದೆ, ಸ್ನಾಯು ಆಮೇಲೆ ಸಾವಕಾಶ ಹಿಂದೆ ಬರುತ್ತದೆ. ಹಿಮ್ಮಡಿ, ಮೊಣಕಾಲ ಕೆಳಗಿನ ಉಬ್ಬು, ಇವು ಈ ವಯಸ್ಸಿನಲ್ಲಿ ಸುಲಭವಾಗಿ ನೋಯುತ್ತವೆ. ಪಂದ್ಯ ಬಿಡಿಸಬೇಡಿ. ಕೋಚ್ ಹತ್ತಿರ ಹೋಗಿ, ಮೊದಲೆರಡು ಪಂದ್ಯದಲ್ಲಿ ಅರ್ಧ ಅರ್ಧ ಆಡಿಸಿ ಅಂತ ಕೇಳಿ. ಒಳ್ಳೆಯ ಕೋಚ್ ಆದರೆ ಬೇಜಾರು ಮಾಡಿಕೊಳ್ಳುವುದಿಲ್ಲ, ಬೆಂಚಿನಲ್ಲಿ ಕೂತ ಇನ್ನೊಬ್ಬ ಹುಡುಗನಿಗೂ ಆಟ ಸಿಗುತ್ತದೆ. ಅದಕ್ಕೂ ಮೊದಲು ಎರಡು ವಾರ, ದಿನ ಬಿಟ್ಟು ದಿನ, ಪಾರ್ಕಿನಲ್ಲಿ ಚೆಂಡಿನ ಜೊತೆಗೇ ಓಡಿಸಿ. ಕೊನೆಯಲ್ಲಿ ನಾಲ್ಕೈದು ಸಲ ಜೋರು ಓಟ. ಮರುದಿನ ಬೆಳಿಗ್ಗೆ ಮೆಟ್ಟಿಲು ಇಳಿಯುವಾಗ ಕುಂಟಿದರೆ ಅವತ್ತು ರಜೆ. ಎರಡು ಮೂರು ದಿನವಾದರೂ ಕುಂಟುವುದು ನಿಲ್ಲದಿದ್ದರೆ, ರಾತ್ರಿ ನೋವಿಗೆ ಎಚ್ಚರವಾದರೆ, ಊತ ಕಂಡರೆ, ಅಲ್ಲಿನ ಫಿಸಿಯೊಗೆ ತೋರಿಸಿ. ಹುಡುಗರು ತಂಡದಿಂದ ಕೈಬಿಡುತ್ತಾರೆ ಅಂತ ನೋವು ಮುಚ್ಚಿಡುತ್ತಾರೆ. ಎಲ್ಲಿ ನೋವು ಅಂತ ಕೇಳಿದರೆ ಎಲ್ಲೂ ಇಲ್ಲ ಅಂತಾರೆ. ಮೆಟ್ಟಿಲು ಸುಳ್ಳು ಹೇಳುವುದಿಲ್ಲ.

ಕಪ್ ದಿನಕ್ಕೆ ಇನ್ನೊಂದು ಮಾತು. ಕೊನೆಯ ಸೀಟಿ ಊದಿದ ತಕ್ಷಣ ಜನ ಎದ್ದು ಹೊರಡುತ್ತಾರೆ. ನೀವು ಏಳಬೇಡಿ, ಆದಷ್ಟು ಕೆಳಗಿನ ಸಾಲಿಗೆ ಇಳಿದು ಕಾಯಿರಿ. ಬಹಳಷ್ಟು ಕ್ಲಬ್‌ಗಳು ಕಡಿಮೆ ಹೊತ್ತು ಆಡಿದವರನ್ನು ಪಂದ್ಯದ ನಂತರ ಖಾಲಿ ಮೈದಾನದಲ್ಲಿ ಓಡಿಸುತ್ತವೆ. ಬೋರ್ಡಿನಲ್ಲಿ ಬರೆದ ಅಂಕಿಗೆ ಉಳಿದ ಬಾಕಿ ತುಂಬಿಸುವುದು ಹೀಗೆ. ಐದಾರು ಜನ, ಒಬ್ಬ ಫಿಟ್‌ನೆಸ್ ಕೋಚ್, ಕೈಯಲ್ಲಿ ಸ್ಟಾಪ್‌ವಾಚ್. ಈ ಗೋಲಿನಿಂದ ಆ ಗೋಲಿನವರೆಗೆ, ಮತ್ತೆ ವಾಪಸ್. ಟಿವಿಯಲ್ಲಿ ಇದನ್ನು ತೋರಿಸುವುದಿಲ್ಲ. ಬೂಟಿನ ಸದ್ದು, ಏದುಸಿರು ಕೇಳಿಸುವಷ್ಟು ಹತ್ತಿರ ಇರುತ್ತಾರೆ, ಒಬ್ಬೊಬ್ಬರು ಕೈಯೆತ್ತಿ ಮಕ್ಕಳಿಗೆ ನಗುತ್ತಾರೆ ಕೂಡ. ಆರ್ಸೆನಲ್ ಟ್ಯೂಬ್ (ಮೆಟ್ರೊ) ಸ್ಟೇಷನ್ನಿನ ಮುಂದೆ ಆ ಹೊತ್ತಿಗೆ ಹೇಗೂ ಉದ್ದ ಕ್ಯೂ ಇರುತ್ತದೆ. ಪ್ಯಾಡಿಂಗ್ಟನ್‌ನಿಂದ ರೆಡಿಂಗ್‌ಗೆ ರೈಲುಗಳಿಗೇನೂ ಬರ ಇಲ್ಲ.